ವಾರ್ಡಿನಲ್ಲಿ ನನ್ನ ಹೆಸರು

ಹಗಲುಗನಸು ಕಾಣುವುದಕ್ಕೆ ಸಂಬಳ ಕೊಡುವ ಉದ್ಯೋಗ ಯಾವುದಾದರೂ ಇದ್ದರೆ ಅದು ನನ್ನದೇ. ಗುಂಡ್ಲುಪೇಟೆಯ ಒಂದು ಕಾಲೇಜಿನಲ್ಲಿ ನಾನು ಲೈಬ್ರರಿಯನ್. ಪರೀಕ್ಷೆಯ ದಿನಗಳನ್ನು ಬಿಟ್ಟರೆ ಅಲ್ಲಿಗೆ ಯಾರೂ ಬರುವುದಿಲ್ಲ; ಬಂದವರೂ ಫ್ಯಾನಿನ ಕೆಳಗೆ ಕೂತು ಫೋನ್ ನೋಡಿ ಎದ್ದು ಹೋಗುತ್ತಾರೆ. ನಾನು ಕಿಟಕಿಯ ಪಕ್ಕ ಕೂತು, ದೂರದಲ್ಲಿ ಗೋಪಾಲಸ್ವಾಮಿ ಬೆಟ್ಟ ಮೋಡ ಹೊದ್ದು ಮಲಗಿರುವುದನ್ನು ನೋಡುತ್ತಾ ಏನೇನೋ ಕಲ್ಪಿಸಿಕೊಳ್ಳುತ್ತಿರುತ್ತೇನೆ. ದೊಡ್ಡ ಆಸೆಗಳೇನಲ್ಲ. ಮದುವೆಯಾದಾಗಿನಿಂದ ಹಾಗೇ ಉಳಿದುಕೊಂಡಿರುವ ಆಸೆ ಒಂದೇ: ನನ್ನ ಹೆಂಡತಿ ಒಂದೇ ಒಂದು ಸಲ ನನ್ನನ್ನು ಹೆಸರು ಹಿಡಿದು ಕರೆಯಬೇಕು. ಆ ದನಿ ಹೇಗಿರಬಹುದು, ಎರಡನೆಯ ಅಕ್ಷರದ ಮೇಲೆ ಒಂದಿಷ್ಟು ತಡೆದು ನಿಲ್ಲಬಹುದೇ ಎಂದೆಲ್ಲ ಯೋಚಿಸುತ್ತಾ ಎಷ್ಟೋ ಮಧ್ಯಾಹ್ನಗಳನ್ನು ಕಳೆದಿದ್ದೇನೆ.

ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದಂತೆ. ಕುದೇರಿನಿಂದ ಸೊಸೆಯಾಗಿ ಬಂದ ನಮ್ಮವ್ವ ರೇಷನ್ ಅಂಗಡಿಯಲ್ಲಿ ಯಜಮಾನರ ಹೆಸರು ಕೇಳಿದರೆ, "ಕಪಿಲಾ ಒಳೆ ದಡದಲ್ಲಿ ಕುಂತವ್ನಲ್ಲಪ್ಪ, ಆ ದೇವ್ರೆಸ್ರು" ಎನ್ನುತ್ತಿದ್ದಳು. ಅಂಗಡಿಯವನು ಮರುಮಾತಿಲ್ಲದೆ ನಂಜುಂಡಸ್ವಾಮಿ ಎಂದು ಬರೆದುಕೊಳ್ಳುತ್ತಿದ್ದ. ನನ್ನ ಹೆಂಡತಿ ಮಂಗಳ ಇತಿಹಾಸದಲ್ಲಿ ಎಂ.ಎ. ಮಾಡಿದವಳು. ಗಂಗರಿಂದ ಒಡೆಯರವರೆಗೆ ಯಾವ ರಾಜನ ಹೆಸರನ್ನಾದರೂ ತಡವರಿಸದೆ ಹೇಳುತ್ತಾಳೆ. ಮಹದೇವಸ್ವಾಮಿ ಎಂಬ ನನ್ನ ಹೆಸರು ಮಾತ್ರ ಅವಳ ಬಾಯಲ್ಲಿ ಹೊರಡದು. ನಾನು "ರೀ", ನೆಂಟರ ಮುಂದೆ "ನಮ್ಮನೆಯವರು", ಸಿಟ್ಟು ಬಂದಾಗ "ಇಲ್ನೋಡಿ".

ಈ ಮಂಗಳ ನರ್ಸಿಂಗ್ ಸೇರಿದ್ದೇ ಒಂದು ಸೋಜಿಗ. ಅವಳ ತಂದೆ ಹಾಸಿಗೆ ಹಿಡಿದಾಗ ಕೊನೆಯವರೆಗೂ ನೋಡಿಕೊಂಡವಳು ಅವಳೇ. ತಿಥಿ ಮುಗಿಸಿ ಊರಿಗೆ ಬಂದವಳು, "ಇಷ್ಟು ವರ್ಷ ಓದಿದ್ರಲ್ಲಿ ಯಾವ್ದೂ ನನ್ನ ಕೈಗೆ ಹತ್ತಲಿಲ್ಲ ಕಣ್ರೀ. ಈ ಕೆಲ್ಸ ಹತ್ತಿತು" ಎಂದಳು. ಬೇರೆ ವಿಷಯದಲ್ಲಿ ಡಿಗ್ರಿ ಮಾಡಿದವರೂ ನರ್ಸಿಂಗ್ ಸೇರಬಹುದೆಂದು ವಿಚಾರಿಸಿಕೊಂಡು, ವಯಸ್ಸಿನ ಮಿತಿ ಮುಗಿಯುವ ಮೊದಲೇ ಚಾಮರಾಜನಗರದಲ್ಲಿ ಸೇರಿಯೂಬಿಟ್ಟಳು. ದಿನವೂ ತೆರಕಣಾಂಬಿ ಮೇಲೆ ಹೋಗುವ ಬಸ್ಸು. ತರಗತಿಯ ತುಂಬ ಪಿಯುಸಿ ಮುಗಿಸಿದ ಹುಡುಗಿಯರು. ಮೊದಲ ದಿನ ಇವಳನ್ನೇ ಮೇಡಂ ಎಂದು ತಿಳಿದು ಎಲ್ಲರೂ ಎದ್ದು ನಿಂತರಂತೆ. ಕೇರಳದ ಹುಡುಗಿಯರು ಈಗ ಅಕ್ಕರೆಯಿಂದ ಚೇಚಿ, ಅಂದರೆ ಅಕ್ಕ, ಎನ್ನುತ್ತಾರೆ. ಪಾಠ ಹೇಳುವ ಟ್ಯೂಟರೇ ಇವಳಿಗಿಂತ ಚಿಕ್ಕವಳು.

ಮನೆಯಲ್ಲಿ ರೋಗಿಯ ಪಾತ್ರ ನನ್ನದು. ಅದಕ್ಕೆ ನಾನು ಹುಟ್ಟುತ್ತಲೇ ತಯಾರಾಗಿದ್ದೆನೆಂದು ಕಾಣುತ್ತದೆ. ನಾನು ಮಲಗಿರುವಂತೆಯೇ ಅವಳು ಹಾಸಿಗೆಯ ಚಾದರ ಬದಲಿಸುತ್ತಾಳೆ, ಅತ್ತ ಉರುಳಿಸುತ್ತಾಳೆ, ಇತ್ತ ಉರುಳಿಸುತ್ತಾಳೆ. ಸಂಜೆಯ ಬಿಸಿಲು ಗೋಡೆಯ ಮೇಲೆ ತೆಳ್ಳಗಾಗುವ ಹೊತ್ತಿಗೆ ಮಣಿಕಟ್ಟು ಹಿಡಿದು ನಾಡಿ ನೋಡುತ್ತಾಳೆ. ಕಣ್ಣು ಮುಚ್ಚಿದರೆ ಇಡೀ ಗುಂಡ್ಲುಪೇಟೆ ನಿಧಾನವಾಗಿ ತೇಲಿದಂತಾಗುತ್ತದೆ. ಒಂದು ದಿನ ಹಾಗೇ ಗೊರಕೆ ಹೊಡೆದುಬಿಟ್ಟೆ. "ಪೇಷೆಂಟ್ ಸ್ಥಿತಿ ಸ್ಥಿರವಾಗಿದೆ, ಅತ್ತೆ, ಕಾಫಿ ಬೇಡವಂತೆ" ಎಂದು ಅವಳು ಒಳಗೆ ಕೂಗಿದಾಗ ತಕ್ಷಣ ಎಚ್ಚರವಾಯಿತು.

ಎಡವಟ್ಟಾದದ್ದು ವಾರ್ಡಿಗೆ ಹಾಕಿದ ಮೇಲೆ. ಮಾತ್ರೆ ಕೊಡುವ ಮುನ್ನ ರೋಗಿಯನ್ನು ಹೆಸರು ಹಿಡಿದು ಕರೆದು, ಅವನ ಬಾಯಿಂದಲೂ ಪೂರ್ತಿ ಹೆಸರು ಹೇಳಿಸಬೇಕು, ಅದು ನಿಯಮ. ಚಾಮರಾಜನಗರದ ಗಂಡಸರ ವಾರ್ಡಿನಲ್ಲಿ ಒಬ್ಬನಾದರೂ ಮಹದೇವಸ್ವಾಮಿ ಇಲ್ಲದಿರುವುದುಂಟೇ? ಅವನ ಮಾತ್ರೆ ಹಿಡಿದು ನಿಂತ ಮಂಗಳ ಕೊನೆಗೆ ನಮ್ಮವ್ವನ ರೇಷನ್ ಅಂಗಡಿಯ ಉಪಾಯವನ್ನೇ ಹೂಡಿದಳಂತೆ: "ಏಳುಮಲೆ ಮೇಲಿರೋ ದೇವರ ಹೆಸರಿನವರು ಯಾರು?" ಅರ್ಧ ವಾರ್ಡು ಕೈ ಎತ್ತಿತು. ಮಾದೇಶ, ಮಾದಪ್ಪ, ಮಾದಯ್ಯ, ಮಹದೇವ. ಮಾತ್ರೆ ಮಾದಪ್ಪನ ಅಂಗೈ ಸೇರಿದ್ದಾಗ ಟ್ಯೂಟರ್ ನೋಡಿ ಕಿತ್ತುಕೊಂಡರು. "ಹೆಸರು ಕರೆಯೋಕೆ ಆಗಲ್ಲ ಅಂದ್ರೆ ಪ್ರಾಕ್ಟಿಕಲ್‌ನಲ್ಲಿ ಪಾಸು ಮಾಡಲ್ಲ. ಮನೇಲೇ ಇರಿ" ಎಂದರಂತೆ.

ಮನೆಗೆ ಬಂದವಳು ಯೂನಿಫಾರಂ ಬದಲಿಸದೆ ಕೂತಳು. "ಬಿಟ್ಬಿಡ್ತೀನಿ ಕಣ್ರೀ. ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ?" ನನಗೆ ನಿಜವಾಗಿಯೂ ಸಂಕಟವಾಯಿತು. ಸಂಕಟದ ಅಡಿಯಲ್ಲೇ, ದೇವರಾಣೆ, ಒಂದು ಸಣ್ಣ ಖುಷಿಯೂ ಎದ್ದಿತು. "ನನ್ನ ಮೇಲೇ ಅಭ್ಯಾಸ ಮಾಡು. ಕರೆ, ಹೆಸರು ಹಿಡಿದು ಕರೆ" ಎಂದು ಮಂಚದ ಮೇಲೆ ಮಲಗಿ ಕಣ್ಣು ಮುಚ್ಚಿದೆ. "ಮ" ಎಂದಳು. ನಿಂತಳು. "ಮಹ" ಎಂದಳು. ಆಮೇಲೆ ಕೈ ಬಾಯಿಗಿಟ್ಟು ನಗು, ನಗು ಮುಗಿದರೆ ಅಳು. ದಿನವೂ ಇದೇ. "ಮಹ" ದಾಟಲೇ ಇಲ್ಲ.

ಪರೀಕ್ಷೆಯ ಹಿಂದಿನ ದಿನ ಅವರೆಕಾಯಿ ಸುಲಿಯುತ್ತಾ ಕೂತಿದ್ದ ಅವ್ವ ಎಲ್ಲವನ್ನೂ ಕೇಳಿಸಿಕೊಂಡಳು. ಬೈಯುತ್ತಾಳೆಂದೇ ನಾವಿಬ್ಬರೂ ತಿಳಿದೆವು.

"ಅದು ನಾ ಮಡಗಿದ್ ಹೆಸ್ರು ಕಣಮ್ಮಿ. ಮಾದಪ್ಪನ್ಗೆ ಅರಕೆ ಓತ್ಕೊಂಡು ಎತ್ತಿದ್ ಮಗ. ದೇವ್ರೆಸ್ರು ಕೂಗುದ್ರೆ ಆಯಸ್ಸು ಎಂಗ್ ಕಮ್ಮಿಯಾದದು? ಅಲ್ಲಿ ಮನಗಿರೋನ್ ಮಾತ್ರೆಯ ಇನ್ನೊಬ್ಬನ್ಗೆ ಕೊಟ್ಬುಟ್ರೆ, ಅವನ್ ಎಡ್ತಿ ತಾಳಿ ಗತಿಯೇನು? ಅದ ಯೋಚ್ನೆ ಮಾಡು, ಓಗು."

ಮಂಗಳ ಅತ್ತೆಯ ಪಕ್ಕ ಕೂತು ತಾನೂ ಕಾಯಿ ಸುಲಿಯತೊಡಗಿದಳು.

ಮರುದಿನ ನಾನು ರಜೆ ಹಾಕಿ ಜೊತೆಗೆ ಹೋದೆ. ಧೈರ್ಯ ಕೊಡುವುದಕ್ಕೆ ಎಂದು ಎಲ್ಲರಿಗೂ ಹೇಳಿದ್ದೆ. ವಾರ್ಡಿನ ಹೊರಗೆ ಕಿಟಕಿಯ ಬಳಿ ನಿಂತೆ. ಪರೀಕ್ಷಕಿ ಅವಳಿಗೆ ಕೊಟ್ಟದ್ದು, ಕಾಲಿಗೆ ದೊಡ್ಡ ಪಟ್ಟಿ ಕಟ್ಟಿಕೊಂಡಿದ್ದ ಒಬ್ಬ ಅಜ್ಜನ ಮಂಚ. ಮಂಗಳ ಚೀಟಿ ನೋಡಿದಳು. ಮುಖ ಕೆಂಪಾದದ್ದು ನನಗೆ ಅಲ್ಲಿಂದಲೇ ಕಾಣಿಸಿತು. ಯಾರ ಹೆಸರೆಂದು ಗೊತ್ತಾಗಿಹೋಯಿತು. ಟ್ಯೂಟರ್ ಕೈ ಕಟ್ಟಿ ನಿಂತಿದ್ದರು.

"ಮಹದೇವಸ್ವಾಮಿಯವರೇ!"

ಒಂದಿಷ್ಟೂ ತಡೆಯಿಲ್ಲ, ನಡುಕವಿಲ್ಲ. ನೀರಿನಷ್ಟು ತಿಳಿಯಾಗಿತ್ತು ಆ ದನಿ. ನನ್ನ ಮೈಯೆಲ್ಲ ಹಗುರವಾಗಿ, ಎಲ್ಲಿದ್ದೇನೆಂಬುದೇ ಮರೆತು, "ಆಂ, ಏನೇ?" ಎಂದು ಗಟ್ಟಿಯಾಗಿ ಓಗೊಟ್ಟೆ.

ಇಡೀ ವಾರ್ಡು ಕಿಟಕಿಯ ಕಡೆ ತಿರುಗಿತು. ತಿರುಗದವಳು ಮಂಗಳ ಒಬ್ಬಳೇ. "ಯಾರದು?" ಎಂದರು ಪರೀಕ್ಷಕಿ.

"ಯಾರೋ ಪೇಷೆಂಟ್ ಕಡೆಯವರಿರ್ಬೇಕು ಮೇಡಂ" ಎಂದ ನನ್ನ ಹೆಂಡತಿ, ಅಜ್ಜನ ಕಡೆಗೆ ಬಾಗಿ, "ನಿಮ್ಮ ಪೂರ್ತಿ ಹೆಸರು ಹೇಳಿ ತಾತ" ಎಂದಳು.

ಅವಳು ಪಾಸಾದಳು. ಹೊರಗೆ ಬಂದು ಮುಖವೆಲ್ಲ ನಗುತ್ತಾ, "ರೀ, ನಡೀರಿ, ಬಸ್ಸು ಹೊರಟೋಗುತ್ತೆ" ಎಂದಳು. ನಾನು ಹಿಂದೆ ಹೊರಟೆ. ಹೊರಡುವ ಮುನ್ನ ಕಿಟಕಿಯಿಂದ ಇನ್ನೊಮ್ಮೆ ಒಳಗೆ ನೋಡಿದೆ. ಅಜ್ಜ ಮಾತ್ರೆ ನುಂಗಿ ಹಾಯಾಗಿ ಒರಗಿದ್ದರು. ಇನ್ನೊಬ್ಬರ ಕಾಲಿನ ಗಾಯ ಕಂಡು ಹೊಟ್ಟೆಕಿಚ್ಚುಪಟ್ಟ ಮನುಷ್ಯ ಈ ಜಿಲ್ಲೆಯಲ್ಲಿ ಬಹುಶಃ ನಾನೊಬ್ಬನೇ.