ಉಳಿಯಿತು ಎನ್ನಲು ಯಾರಿಗೆ ಧೈರ್ಯ?

ನಾಲ್ಕು ಒಳ್ಳೆಯ ಮಾತು ಹೇಳೋಣವೆಂದು ಹೋದಲ್ಲೆಲ್ಲ ಜನ ನನ್ನನ್ನು ಕಂಡು ಹೆದರುತ್ತಾರೆ. ಅವರು ಹೆದರಿದ್ದನ್ನು ಕಂಡು ನಾನೂ ಹೆದರುತ್ತೇನೆ. ಏಡನ್ನಿನಲ್ಲಿ ಟೈಪಿಸ್ಟ್ ಆಗಿದ್ದಾಗಲೂ ಹೀಗೇ ಆಯಿತು, ನೈರೋಬಿಯಲ್ಲಿ ಹೊಲಿಗೆ ಕಲಿಸುತ್ತಿದ್ದಾಗಲೂ ಹೀಗೇ ಆಯಿತು. ಊರು ಬದಲಾದರೆ ಸರಿಹೋದೀತೆಂದು ಹುಟ್ಟಿದೂರು ಸೊಲ್ಲಾಪುರಕ್ಕೇ ತಿರುಗಿ ಬಂದೆ. ಅಲ್ಲಂತೂ ಹೆಚ್ಚೇ ಆಯಿತು.

ಅದು ತುರ್ತುಪರಿಸ್ಥಿತಿಯ ಕಾಲ. ಕಲ್ಲಿದ್ದಲು, ಕಟ್ಟಿಗೆ, ಸೀಮೆಎಣ್ಣೆ ಎಲ್ಲವೂ ತುಟ್ಟಿಯಾಗಿದ್ದವು. ವ್ಯಾಪಾರಿಗಳಿಗೂ ಕಾರ್ಖಾನೆಯವರಿಗೂ ಉರುವಲು ಉಳಿಸುವ ದಾರಿ ಹೇಳಿಕೊಡಲು ಒಂದು ಸಣ್ಣ ಸರಕಾರಿ ಕೇಂದ್ರ ತೆರೆದಿದ್ದರು. ಕೇಂದ್ರ ಎಂದರೆ ನಾನು, ಒಂದು ಹಳೆಯ ಜೀಪು, ಜೀಪಿನ ಡ್ರೈವರ್ ಕಾಕಾ. ಜೀಪಿನ ಬಾಗಿಲ ಮೇಲೆ ಮರಾಠಿಯಲ್ಲಿ ‘ಹೊಗೆ ಕಡಿಮೆ ಮಾಡಿ, ಗಿಡ ಉಳಿಸಿ, ಹಣ ಉಳಿಸಿ’ ಎಂದು ಬರೆಸಿದ್ದೆವು. ಅದನ್ನು ಓದುವಷ್ಟು ಹೊತ್ತು ಯಾರೂ ನಿಲ್ಲುತ್ತಿರಲಿಲ್ಲ.

ಒಂದು ದಿನ ಮುಂಬಯಿಯ ಮೇಲಧಿಕಾರಿಯಿಂದ ಕಾಗದ ಬಂತು. ನಮ್ಮ ಸಲಹೆಯಿಂದ ಖರ್ಚು ಉಳಿಯಿತು ಎಂದು ಒಬ್ಬನೇ ಒಬ್ಬ ವ್ಯಾಪಾರಿಯಾದರೂ ಬರೆದು ಸಹಿ ಮಾಡಿಕೊಡಬೇಕು. ತಿಂಗಳ ಕೊನೆಯೊಳಗೆ ಅದು ಮುಂಬಯಿ ತಲುಪದಿದ್ದರೆ ಕೇಂದ್ರ ಬಂದ್. ನಾನು ಮುಂಬಯಿಯ ಫೈಲುಗಳ ಕೋಣೆಗೆ, ಕಾಕಾ ಎಲ್ಲೋ ದೂರದ ಭಂಡಾರಾ ಜಿಲ್ಲೆಗೆ ವರ್ಗ. ಕುರ್ಚಿಯಲ್ಲಿ ಒಂದು ಗಂಟೆ ಕೂತರೆ ಕಾಲು ಜುಮುಗುಡುವವಳು ನಾನು. ಕಾಕಾ ಅವರದು ಇನ್ನೂ ಕಷ್ಟ. ಅವರ ಮನೆ ಕುಂಭಾರಿಯಲ್ಲಿ, ಅಕ್ಕಲಕೋಟೆಯ ರಸ್ತೆಗೇ ಹತ್ತಿಕೊಂಡು. ನಾವು ಆ ದಾರಿಯಲ್ಲಿ ಹೋದಾಗಲೆಲ್ಲ ಅವರ ಹೆಂಡತಿ ಮಜ್ಜಿಗೆ ಹಿಡಿದು ನಿಂತಿರುತ್ತಿದ್ದರು.

ಕಾಗದ ಓದಿ ಹೇಳಿದೆ. ಕಾಕಾ ಸ್ವಲ್ಪ ಹೊತ್ತು ಸ್ಟಿಯರಿಂಗ್ ಒರೆಸಿದರು.

“ಬಾಯಾರ, ಭಂಡಾರಾದಾಗ ಜ್ವಾಳದ ರೊಟ್ಟಿ ಸಿಗತಾವೇನ್ರಿ?”

“ಇಲ್ಲ ಕಾಕಾ. ಅಲ್ಲಿ ಎರಡೂ ಹೊತ್ತು ಅನ್ನ.”

ಕಾಕಾ ಮತ್ತೆ ಸ್ಟಿಯರಿಂಗ್ ಒರೆಸತೊಡಗಿದರು.

೧. ಅರ್ಧಕ್ಕೆ ನಿಂತ ಶಟರು

ಮರುದಿನ ಪೇಟೆಗೆ ಹೋದೆವು. ತಿರುವಿನಲ್ಲಿ ಕಾಕಾ ಒಂದು ಸಲ ಹಾರ್ನ್ ಒತ್ತಿದರು, ಅಷ್ಟೇ. ಆ ಸಾಲಿನ ಶಟರುಗಳು ಒಂದರ ಹಿಂದೆ ಒಂದು ದಡದಡ ಕೆಳಗಿಳಿದವು. ಆ ದಿನಗಳಲ್ಲಿ ಸರಕಾರಿ ಜೀಪು ಎಂದರೆ ಇನ್ಕಮ್ ಟ್ಯಾಕ್ಸಿನವರದು, ಇಲ್ಲದಿದ್ದರೆ ಅದಕ್ಕಿಂತ ಕೆಟ್ಟದ್ದಕ್ಕೆ, ಸಂತಾನಹರಣ ಶಸ್ತ್ರಚಿಕಿತ್ಸೆಗೆ, ಎಳೆದೊಯ್ಯುವವರದು.

ತೆರೆದು ಉಳಿದದ್ದು ಒಂದೇ ಸೀರೆ ಅಂಗಡಿ. ಅದರ ಶಟರು ತುಕ್ಕು ಹಿಡಿದು ಅರ್ಧಕ್ಕೆ ನಿಂತಿತ್ತು. ದಪ್ಪನೆಯ ಸಾವ್ಕಾರರು ಎರಡೂ ಕೈಯಿಂದ ಅದಕ್ಕೆ ಜೋತುಬಿದ್ದಿದ್ದರು. ನನ್ನನ್ನು ಕಂಡವರೇ ಕೈಬಿಟ್ಟು ನಮಸ್ಕಾರ ಮಾಡಿದರು. ಬರ್ರಿ, ಚಹಾ ತಗೋರಿ, ನಂದೇನೂ ಇಲ್ರಿ, ಎಲ್ಲಾ ಬಾಕಿಯವರದ ಐತ್ರಿ ಎಂದು ಒಂದೇ ಉಸಿರಿನಲ್ಲಿ ಹೇಳಿ ಗಾದಿಯ ಮೇಲೆ ಕುಸಿದರು.

ಚಹಾ ಕುಡಿದು ನಾನು ತಲೆಯೆತ್ತಿ ಮಾಡು ನೋಡಿದೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಹಾಡಹಗಲೇ ಸಾಲು ಸಾಲು ಬಲ್ಬು. ಮಾಡಿನಲ್ಲಿ ನಾಲ್ಕು ಗಾಜಿನ ಹಂಚು ಕೂಡಿಸಿ, ಹಗಲು ದೀಪವೇ ಬೇಡ ಎಂದೆ. ನಾನು ಟ್ಯಾಕ್ಸಿನವಳಲ್ಲ ಎಂದು ತಿಳಿದ ಸಂತೋಷಕ್ಕೆ ಅವರು ಎಲ್ಲದಕ್ಕೂ ಹೂಂ ಅಂದರು.

ವಾರ ಬಿಟ್ಟು ಹೋದರೆ ಸೀರೆಗಳ ಮೇಲೆ ಅವೇ ಬಲ್ಬು. ಬಿಸಿಲಾಗ ಸೀರಿ ಬಣ್ಣ ಖರೇನ ಕಾಣತೈತ್ರಿ, ನಾ ಏನು ಮಾರಲಿ ಅಂದರು. ಹಂಚು ಮಾತ್ರ ಒಂದು ಕೂಡಿಸಿದ್ದರು, ನೆಟ್ಟಗೆ ಗಲ್ಲಾಪೆಟ್ಟಿಗೆಯ ಮೇಲೆ. ಅಲ್ಲಿನ ಒಂದು ಬಲ್ಬಿನ ಖರ್ಚು ಉಳಿದಿತ್ತಲ್ಲ, ಅಷ್ಟನ್ನೇ ಬರೆದುಕೊಡಿ ಎಂದು ಕಾಗದ ಮುಂದಿಟ್ಟೆ. ಹಾವು ಕಂಡವರಂತೆ ಹಿಂದೆ ಸರಿದರು.

“ಉಳೀತು ಅಂತ ಬರದ್ರ, ಉಳದದ್ದು ಎಲ್ಲಿಟ್ಟಿ ಅಂತ ಕೇಳಾಕ ಇನ್ನೊಂದು ಜೀಪು ಬರತೈತ್ರಿ ಬಾಯಾರ.”

ಪೇಟೆಯ ತುಂಬ ಇದೇ ಮಾತು. ಉಳಿಸಲು ಎಲ್ಲರೂ ತಯಾರು, ಉಳಿಯಿತು ಎನ್ನಲು ಯಾರೂ ಇಲ್ಲ.

೨. ಕುಂಕುಮದ ಗಡಿಯಾರ

ಚಾದರಿನ ನೂಲಿಗೆ ಬಣ್ಣ ಹಾಕುವ ಒಂದು ಕಾರ್ಖಾನೆ. ಅಲ್ಲಿನ ಬಾಯ್ಲರು ಮೂರು ಬಾಯ್ಲರಿಗಾಗುವಷ್ಟು ಕಲ್ಲಿದ್ದಲು ತಿನ್ನುತ್ತದೆ ಎಂದು ಮಾಲೀಕರೇ ಹೇಳಿಕಳಿಸಿದ್ದರು. ಬಾಯ್ಲರ್ ಎಂದರೆ ನನಗೆ ಮೊದಲಿನಿಂದಲೂ ಜೀವ ಹೋಗುವಷ್ಟು ಹೆದರಿಕೆ. ಹಡಗಿನಲ್ಲಿ ಬರುವಾಗ ಸಹ ಅದರಿಂದ ಆದಷ್ಟು ದೂರದ ಮಂಚ ಕೇಳಿ ಪಡೆದವಳು. ಅದಕ್ಕೇ ಕಾರ್ಖಾನೆಗೆ ವಾರದ ರಜೆ ಇರುವ ದಿನ ನೋಡಿ ಹೋದೆ.

ಬಾಯ್ಲರ್ ಮಿಸ್ತ್ರಿ ವಯಸ್ಸಾದವರು, ಭಕ್ತಿವಂತರು. ಉಗಿಯ ಒತ್ತಡ ತೋರಿಸುವ ಗಡಿಯಾರ ಎಲ್ಲಿ ಎಂದು ಕೇಳಿದೆ. ತೋರಿಸಿದರು. ಅದರ ಗಾಜಿನ ತುಂಬ ಅರಿಶಿನ, ಕುಂಕುಮ, ಒಣಗಿದ ಚೆಂಡುಹೂವಿನ ಎಸಳು. ಪ್ರತಿ ಖಂಡೆ ನವಮಿಯ ಆಯುಧಪೂಜೆಗೆ ಹಚ್ಚಿದ್ದು, ಒರೆಸಿದರೆ ಅಪಚಾರ ಎಂದು ಒಂದರ ಮೇಲೊಂದು ಉಳಿದುಕೊಂಡಿತ್ತು.

“ಹಂಗಾರ ಒತ್ತಡ ಎಷ್ಟೈತಿ ಅಂತ ಹೆಂಗ ತಿಳೀತೈತಿ ಮಿಸ್ತ್ರಿ?”

“ಅಕಿ ಉಸಿರು ಕೇಳ್ತೀನ್ರಿ. ಉಸಿರು ಸಣ್ಣಾತು ಅಂದ್ರ ಎರಡು ಬುಟ್ಟಿ ಹಾಕ್ತೀನಿ.”

ಮಿಸ್ತ್ರಿಯ ಕಿವಿ ಮಂದವಾಗುತ್ತ ಬಂದಷ್ಟೂ ಕಲ್ಲಿದ್ದಲಿನ ಬುಟ್ಟಿ ಹೆಚ್ಚಾಗುತ್ತ ಹೋಗಿತ್ತು. ಮಾಲೀಕರು ದೇವರಿಗೆ ಕೈ ಮುಗಿದು, ಒದ್ದೆ ಬಟ್ಟೆ ನನ್ನ ಕೈಗೇ ಕೊಟ್ಟರು. ಅಪಚಾರ ಆಗುವುದಿದ್ದರೆ ನನ್ನ ತಲೆಗಿರಲಿ ಎಂದು. ಒರೆಸಿದೆ. ಕುಂಕುಮದ ಕೆಳಗಿನಿಂದ ಮುಳ್ಳು ಹೊರಬಂತು. ಕೆಂಪು ಗೆರೆಯನ್ನು ದಾಟಿ, ಇನ್ನು ಮುಂದೆ ಅಂಕಿಯೇ ಇಲ್ಲದ ಕಡೆ ನಿಂತಿತ್ತು.

ಮೊದಲು ಓಡಿದವರು ಮಾಲೀಕರು. ಅವರ ಧೋತರದ ಚುಂಗು ತುಳಿಯುತ್ತ ನಾನು, ನನ್ನ ಹಿಂದೆ ಕಾಕಾ, ಕೊನೆಗೆ ಮಿಸ್ತ್ರಿ. ರಸ್ತೆ ದಾಟಿ ಬೇವಿನ ಮರದ ಹಿಂದೆ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತೆವು. ಬಾಯ್ಲರು ಸಿಡಿಯಲಿಲ್ಲ. ಬಹಳ ಹೊತ್ತಾದ ಮೇಲೆ ನನಗೆ ನೆನಪಾಯಿತು, ಅವತ್ತು ರಜೆ. ಬೆಂಕಿಯನ್ನೇ ಹಾಕಿರಲಿಲ್ಲ. ಬಾಯ್ಲರು ತಣ್ಣಗಿತ್ತು. ಮುಳ್ಳು ಗಾಜಿನ ಸಂದಿಯಿಂದ ಒಳಗಿಳಿದ ಯಾವುದೋ ಹಳೆಯ ನವಮಿಯ ಕುಂಕುಮಕ್ಕೆ ಅಂಟಿಕೊಂಡು ಅಲ್ಲೇ ಕೂತಿತ್ತು.

ಬೆಂಕಿ ಹಾಕಿಲ್ಲ ಅಂತ ನಿಮಗ ಗೊತ್ತಿತ್ತಲ್ಲ, ನೀವ್ಯಾಕ ಓಡಿದ್ರಿ ಎಂದು ಮಿಸ್ತ್ರಿಯನ್ನು ಕೇಳಿದೆ.

“ಕಲತವರು ಓಡಾಕತ್ತಿದ್ರಿ,” ಅಂದರು, “ನಾ ಅಡಾಣಿ ಮನಶಾ, ನಿಂತು ಏನು ಮಾಡ್ಲಿ?”

ಹೊಸ ಗಡಿಯಾರ ಬಂತು, ಕಲ್ಲಿದ್ದಲು ಇಳಿಯಿತು, ಚಿಮಣಿಯ ಹೊಗೆ ತೆಳುವಾಯಿತು. ಮಾಲೀಕರು ನನಗೆ ಒಂದು ಚಾದರು ಹೊದಿಸಿದರು. ಸಹಿ ಎಂದೊಡನೆ ಕನ್ನಡಕ ಮನೆಯಲ್ಲೇ ಬಿಟ್ಟು ಬಂದೆ ಎಂದರು.

೩. ಕುರಿಗಳ ತಕರಾರು

ತಿಂಗಳಲ್ಲಿ ಹತ್ತೇ ದಿನ ಉಳಿದಿದ್ದವು. ಅಕ್ಕಲಕೋಟೆಗೆ ಹೋದೆವು. ಅಲ್ಲೊಬ್ಬರದು ಶೇಂಗಾ ಚಟ್ನಿಯ ಅಂಗಡಿ. ಕಟ್ಟಿಗೆ ಕೊಂಡು ಒಲೆ ಉರಿಸುತ್ತಿದ್ದರು, ಶೇಂಗಾದ ಸಿಪ್ಪೆಯನ್ನು ಹಿತ್ತಲಿಗೆ ಸುರಿಯುತ್ತಿದ್ದರು. ಸಿಪ್ಪೆಯನ್ನೇ ಉರಿಸಿ ಎಂದು ಹೇಳಿಕೊಟ್ಟೆ. ಮೂರು ದಿನ ಚೆನ್ನಾಗಿ ನಡೆಯಿತು.

ನಾಲ್ಕನೆಯ ದಿನ ಸಂತೆ. ಹನ್ನೂರಿನ ಕುರಿ ಕಾಯುವ ಮುತ್ಯಾ ತನ್ನ ಹಿಂಡಿನೊಂದಿಗೆ ಬಂದು ಅಂಗಡಿಯ ಮುಂದೆ ನಿಂತ. ಸಂತೆಗೊಮ್ಮೆ ಹಿತ್ತಲಿನ ಸಿಪ್ಪೆ, ನುಚ್ಚು ಅವನ ಕುರಿಗಳಿಗೆ ಎಂಬುದು ಅಪ್ಪನ ಕಾಲದ ರೂಢಿಯಂತೆ. ನನಗೆ ಯಾರೂ ಹೇಳಿರಲಿಲ್ಲ. ಹಿತ್ತಲು ಖಾಲಿ ಕಂಡ ಕುರಿಗಳು ಅಂಗಡಿಯೊಳಗೆ ನುಗ್ಗಿದವು. ನಾನು ಚಟ್ನಿಯ ಡಬ್ಬಿಗಳ ಮೇಲೆ ಹತ್ತಿ ಕೂತೆ. ಮುತ್ಯಾ ಕೂಗಾಡಲಿಲ್ಲ. ಬೀರೋಬಾನ ಕುರಿ ಉಪಾಸ ಹೊಂಟಾವ, ಅಷ್ಟ ಎಂದು ಮೆಲ್ಲಗೆ ಅಂದು ಬೀಡಿ ಹಚ್ಚಿದ.

ಅಂಗಡಿಯವರ ಮುಖ ಸುಣ್ಣವಾಯಿತು. ಟ್ಯಾಕ್ಸಿನವರಿಗೆ ಕಾಗದ ತೋರಿಸಿ ಪಾರಾಗಬಹುದು, ಕುರಿ ಕಾಯುವ ದೇವರು ಬೀರೋಬಾನಿಗೆ ಏನು ತೋರಿಸುವುದು? ಅವತ್ತಿನಿಂದ ಸಿಪ್ಪೆ ಮತ್ತೆ ಕುರಿಗಳಿಗೇ. ನನ್ನ ಮೇಲೆ ಮರುಕ ಬಂದು ಮುತ್ಯಾ ಒಂದು ಚೀಲ ಉಣ್ಣೆ ಕೊಟ್ಟು ಹೋದ. ಆ ಊರಿನಲ್ಲಿ ನನಗೆ ದೊರೆತ ಮೊದಲ ಉಳಿತಾಯ ಅದೇ.

೪. ಹೊಗೆ ಏಳದ ಮನೆ

ಆ ಉಣ್ಣೆಯೇ ನನಗೆ ದಾರಿ ತೋರಿಸಿತು. ಅದೇ ಓಣಿಯಲ್ಲಿ ಒಬ್ಬ ವಿಧವೆ ಅಕ್ಕ ಖಾನಾವಳಿ ನಡೆಸುತ್ತಿದ್ದಳು. ಬೆಳಗಿನಿಂದ ಮಧ್ಯಾಹ್ನದವರೆಗೆ ಒಲೆ ಆರುತ್ತಿರಲಿಲ್ಲ, ಅವಳ ಕಣ್ಣು ಸದಾ ಕೆಂಪು. ಕಟ್ಟಿಗೆಯ ಬೆಲೆ ಹೀಗೇ ಏರಿದರೆ ದೀಪಾವಳಿಗೆ ಬಾಗಿಲು ಹಾಕುತ್ತೇನೆ ಅಂದಿದ್ದಳು. ನಾನೊಂದು ದೊಡ್ಡ ಮರದ ಪೆಟ್ಟಿಗೆ ಮಾಡಿಸಿ, ಒಳಗೆ ಉಣ್ಣೆ ತುಂಬಿಸಿದೆ. ಬೇಳೆ ಚೆನ್ನಾಗಿ ಕುದಿ ಬಂದ ಮೇಲೆ ಗಡಿಗೆಯನ್ನು ಅದರಲ್ಲಿಟ್ಟು ಮೇಲೆ ಕಂಬಳಿ ಹೊಚ್ಚಿದರೆ ಸಾಕು, ತನ್ನ ಕಾವಿನಲ್ಲೇ ಬೇಯುತ್ತದೆ. ಆಮೇಲೆ ಬೆಂಕಿ ಬೇಡ. ಖಡಕ್ ರೊಟ್ಟಿಯನ್ನು ಹೇಗೂ ವಾರಕ್ಕಾಗುವಷ್ಟು ಬಡಿದಿಟ್ಟಿರುತ್ತಿದ್ದಳು.

ಅವಳ ಅತ್ತೆಯನ್ನು ಊರೆಲ್ಲ ಆಯಿ ಎನ್ನುತ್ತಿತ್ತು. ಹಾಸಿಗೆ ಬಿಟ್ಟು ಏಳಲಾರಳು, ಬಾಯಿ ಮಾತ್ರ ಊರು ಸುತ್ತುತ್ತದೆ. ಇವತ್ತ ನಾ ಹೋಗ್ತೀನಿ ಎಂದು ದಿನಾ ಬೆಳಿಗ್ಗೆ ಹೇಳುವ ರೂಢಿ. ಪೆಟ್ಟಿಗೆಯನ್ನು ನೋಡಿ, “ಬ್ಯಾಳಿಗಿ ಕಂಬಳಿ ಹೊಚ್ಚತೀರಿ, ನನಗ ಹೊಚ್ಚವರಿಲ್ಲ” ಅಂದಳು. ಮೇಲೆ, ಹೊತ್ತು ಏರಿದ ಮೇಲೆ ಒಲಿ ಆರಿದ್ರ ಛಲೋ ಅಲ್ಲ ಎಂದೂ ಸೇರಿಸಿದಳು. ದೇಶ ತಿರುಗಿದವಳು ನಾನು, ನಕ್ಕುಬಿಟ್ಟೆ.

ತಿಂಗಳು ಮುಗಿಯಲು ಎರಡು ದಿನ ಇರುವಾಗ ಅಕ್ಕ ಮೊದಲ ಸಲ, ನಸುಕಿನಲ್ಲೇ, ಪೆಟ್ಟಿಗೆಯಲ್ಲಿ ಅಡಿಗೆ ಇಟ್ಟಳು. ನಾವು ಸೊಲ್ಲಾಪುರದಿಂದ ಹೊರಟೆವು. ಕುಂಭಾರಿಯಲ್ಲಿ ಕಾಕಾ ಅವರ ಹೆಂಡತಿ ಮಜ್ಜಿಗೆ ಕೊಡಲಿಲ್ಲ. ಬೆಳಗಿನ ಬಸ್ಸಿನ ಕಂಡಕ್ಟರ್ ಹೇಳಿಹೋದನಂತೆ: “ಖಾನಾವಳಿ ಆಯಿ ಹೋಗ್ಯಾಳಂತ್ರಿ.”

ಬೇಳೆ ಬೆಂದಿಲ್ಲವೇ? ಉಣ್ಣೆಯ ಕಾವಿಗೆ ಹಳಸಿತೇ? ಹೊಸ ಅಡಿಗೆಯ ಮೊದಲ ತುತ್ತು ಮುದುಕಿಗೇ ತಾನೆ ಕೊಡುವುದು. ಸಹಿ ಹಾಳಾಗಲಿ, ನಾನೊಂದು ಜೀವ ತೆಗೆದಿದ್ದೆ. ಕಾಕಾ ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದರು:

“ಬಾಯಾರ, ಭಂಡಾರಾದಾಗ ಜೇಲ್ ಐತೇನ್ರಿ?”

ಖಾನಾವಳಿಯ ಬಾಗಿಲು ಮುಚ್ಚಿತ್ತು. ಕಟ್ಟೆಯ ಮೇಲೆ ಓಣಿಯ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡು ಕೂತಿದ್ದರು. ಪಕ್ಕದಲ್ಲಿ ರೊಟ್ಟಿಯ ಬುಟ್ಟಿ, ಕಡಲೆಹಿಟ್ಟಿನ ಝುಣಕದ ಪಾತೇಲಿ. ಹೆಣವಿರುವ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಯವರೇ ಊಟ ತರುತ್ತಾರೆ. ಎದುರುಮನೆಯವಳು ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದಳು. ಆಯಿಗೂ ಅವಳಿಗೂ ವರ್ಷಗಳಿಂದ ಮಾತಿರಲಿಲ್ಲ.

“ಆ ತಾಮ್ರದ ತಂಬಗಿ ನಾನ ಒಯ್ದಿದ್ನೆ ಯವ್ವಾ, ಕೇಳಾಕ ನೀ ಇಲ್ಲಲ್ಲೇ.”

ಮುಂದಿನಿಂದ ಹೋಗುವ ಧೈರ್ಯವಾಗದೆ ಹಿತ್ತಲ ಬಾಗಿಲಿನಿಂದ ನುಸುಳಿದೆ. ಒಲೆ ತಣ್ಣಗೆ. ಅದರ ಪಕ್ಕದಲ್ಲಿ ಅಕ್ಕ ಅಂಗಾತ ಬಿದ್ದಿದ್ದಳು. ಇವಳೂ ಹೋದಳೇ ಎಂದುಕೊಂಡೆ. ಅಷ್ಟರಲ್ಲಿ ಅವಳು ಗೊರಕೆ ಹೊಡೆದಳು. ಎಷ್ಟೋ ವರ್ಷಗಳ ಮೇಲೆ ಹಗಲು ಮಾಡಲು ಕೆಲಸವಿಲ್ಲದೆ, ನೊಣ ಬಾರದಂತೆ ಬಾಗಿಲು ಹಾಕಿಕೊಂಡು ಮಲಗಿದ್ದಳು. ಹೊತ್ತು ಏರಿದರೂ ಹೊಗೆ ಏಳಲಿಲ್ಲ, ಬಾಗಿಲು ತಟ್ಟಿದರೆ ತೆರೆಯಲಿಲ್ಲ. ಓಣಿಗೆ ಅಷ್ಟು ಸಾಕಾಗಿತ್ತು.

ಮೂಲೆಯ ಮಂಚದ ಮೇಲೆ ಆಯಿ ನೆಟ್ಟಗೆ ಕೂತು ಗೋಡೆಗೆ ಕಿವಿ ಹಚ್ಚಿದ್ದಳು. ನಾನು ಚೀರುವಷ್ಟರಲ್ಲಿ ತುಟಿಯ ಮೇಲೆ ಬೆರಳಿಟ್ಟಳು.

“ಸುಮ್ಮ ಕುಂದ್ರು. ತಂಬಗಿ ಸಿಕ್ಕೈತಿ. ಇನ್ನ ಹಿಟ್ಟು ನಾದೂ ಪರಾತ ಬರೂದೈತಿ.”

ಪರಾತದ ಸುದ್ದಿ ಬರುವ ಮೊದಲೇ ಅಕ್ಕ ಎದ್ದು, ಹೊರಗೇನು ಗದ್ದಲವೆಂದು ಬಾಗಿಲು ತೆರೆದುಬಿಟ್ಟಳು. ಮಂಚದ ಮೇಲೆ ಕೂತ ಆಯಿಯನ್ನು ಕಂಡು ಕಟ್ಟೆಯ ಮೇಲಿನವರಲ್ಲಿ ಅರ್ಧ ಜನ ಓಡಿದರು. ಹೆದರಿಕೆ ಇಳಿದ ಮೇಲೆ ಒಬ್ಬೊಬ್ಬರಾಗಿ ತಿರುಗಿ ಬಂದರು. ಪೆಟ್ಟಿಗೆ ತೆಗೆದರೆ ಬೇಳೆ ಬೆಣ್ಣೆಯಂತೆ ಬೆಂದಿತ್ತು. ದುಃಖಕ್ಕೆ ತಂದ ರೊಟ್ಟಿಯೊಂದಿಗೆ ಎಲ್ಲರೂ ಅಲ್ಲೇ ಉಂಡರು. ಕಾಕಾ ಮೂರು ರೊಟ್ಟಿ ತಿಂದರು, ಭಂಡಾರಾದ ಲೆಕ್ಕಕ್ಕೆ.

ಕಟ್ಟಿಗೆ ಅರ್ಧಕ್ಕರ್ಧ ಉಳೀತ್ರಿ ಎಂದು ಅಕ್ಕ ಎಲ್ಲರ ಮುಂದೆ ಅಂದಳು. ಅದೇ ಹೊತ್ತು ನೋಡಿ ಕಾಗದ ತೆಗೆದೆ. ಅಕ್ಕ ಎರಡು ಹೆಜ್ಜೆ ಹಿಂದೆ ಸರಿದು, ಮಗಳ ಲಗ್ನ ಆಗೂದೈತ್ರಿ, ಸಹಿ ಒಂದು ಬ್ಯಾಡ್ರಿ ಎಂದು ಕೈ ಮುಗಿದಳು. ಕಾಕಾ ಕೈಯಲ್ಲಿದ್ದ ರೊಟ್ಟಿಯನ್ನು ಕೆಳಗಿಟ್ಟರು.

“ಖಾನಾವಳಿ ಲೈಸೆನ್ಸ್ ಯಾರ ಹೆಸರಿಲೆ ಐತಿ?” ಎಂದು ಮಂಚದಿಂದ ಧ್ವನಿ ಬಂತು.

“ನಿಮ್ಮ ಹೆಸರಿಲೇನ ಐತ್ರಿ, ಅತ್ತಿ.”

“ತಾ ಇಲ್ಲಿ ಆ ಕಾಗದ. ನಾ ಸತ್ತೀನಂತ ಬಸ್ಸಿನ್ಯಾಗ ಸೊಲ್ಲಾಪುರದ ತನಕ ಸುದ್ದಿ ಹೋಗೈತಿ. ಸತ್ತಾಕಿ ಹತ್ರ ಯಾವ ಜೀಪು ಬರತೈತಿ, ಬರಲಿ ನೋಡೂಣು.”

ಶಾಯಿ ಇರಲಿಲ್ಲ. ಅಕ್ಕ ತಣ್ಣಗಾದ ಒಲೆಯ ಮಸಿಯನ್ನು ಎಣ್ಣೆಯಲ್ಲಿ ಕಲಸಿ ತಂದಳು. ಆಯಿ ಹೆಬ್ಬೆರಳು ಅದ್ದಿ ಕಾಗದದ ಮೇಲೆ ಒತ್ತಿ, ಅಂಚು ಮೂಡಿದೆಯೋ ಇಲ್ಲವೋ ಎಂದು ಬಗ್ಗಿ ನೋಡಿದಳು. ಆಮೇಲೆ ಆ ಕಪ್ಪು ಬೆರಳನ್ನು ಹಾಗೇ ಎತ್ತಿ, ಮೆಲ್ಲಗೆ ಬಾಗಿಲ ಕಡೆ ಸರಿಯುತ್ತಿದ್ದ ಎದುರುಮನೆಯವಳತ್ತ ತಿರುಗಿಸಿದಳು.

“ಇನ್ನ ಪರಾತದ್ದು ಹೇಳು.”