ಪಂಪಣ್ಣನ ಗುಟ್ಟಿನ ಪ್ರಶ್ನೆ

"ಅಲ್ಲಿ ಯಾರೋ ನಿಮ್ಮನ್ನ ಅಪಹರಿಸಿ, ಫೋನ್ ಮಾಡಿ 'ನಿಮ್ಮವನು ನಮ್ಮ ಹತ್ರ ಇದಾನೆ' ಅಂದ್ರೆ, ಅವರ ಹತ್ರ ಇರೋದು ನೀವೇ ಅಂತ ನಾವು ಹೇಗೆ ನಂಬೋದು ಹೇಳಿ?" ವಿಮೆಯ ಮೇಡಂ ಅರ್ಜಿಯ ಕೊನೆಯ ಸಾಲನ್ನು ಪೆನ್ನಿನಿಂದ ತಟ್ಟಿದರು.

ಪಂಪಣ್ಣ ಅರ್ಜಿಯತ್ತ ಬಗ್ಗಿದ. ಇಪ್ಪತ್ತು ವರ್ಷ ನೀರಿನ ಪಂಪು ಬಿಚ್ಚಿ ಜೋಡಿಸಿ ಗಳಿಸಿದ ಹೆಸರದು. ಬಾಂಬು ಬಿದ್ದು ನಲ್ಲಿಗಳೆಲ್ಲ ನಿಂತುಹೋದ ದೂರದ ದೇಶವೊಂದಕ್ಕೆ ಕಂಪನಿ ಈಗ ಅವನನ್ನೇ ಕಳಿಸುತ್ತಿತ್ತು. ನಾಳೆ ಬೆಳಿಗ್ಗೆ ವಿಮಾನ.

"ನಿಮಗೂ ನಿಮ್ಮ ಹೆಂಡ್ತಿಗೂ ಮಾತ್ರ ಗೊತ್ತಿರೋ ಗುಟ್ಟೊಂದು ಬೇಕು. ಪ್ರಶ್ನೆ ಉತ್ತರ ಬರೆದು, ಲಕೋಟೆ ಅಂಟಿಸಿ ಕೊಡಿ. ಐದು ಗಂಟೆಯೊಳಗೆ ನಾನೇ ಅವರಿಗೆ ಫೋನ್ ಮಾಡಿ ತಾಳೆ ನೋಡ್ತೀನಿ. ತಾಳೆ ಆಗ್ದಿದ್ರೆ ವಿಮೆ ಇಲ್ಲ."

"ವಿಮೆ ಇಲ್ದೆ ನಮ್ಮ ಪಂಪಣ್ಣನ್ನ ಬಾಗಿಲಾಚೆಗೂ ಕಳಿಸಲ್ಲ! ನನ್ನ ಮಗ ಇದ್ದ ಹಾಗೆ ಅವನು," ಎಂದು ಮ್ಯಾನೇಜರು ಅವನ ಬೆನ್ನು ಸವರಿದರು.

ಅವರ ಮೇಜಿನ ಮೇಲಿದ್ದ ಖಾಲಿ ಗಾಜಿನ ತೊಟ್ಟಿಯತ್ತ ಪಂಪಣ್ಣ ಅಪ್ಪಿತಪ್ಪಿಯೂ ನೋಡಲಿಲ್ಲ. ಮೂರು ವರ್ಷದ ಹಿಂದೆ ಅದರಲ್ಲಿ ಮೂರು ಕೆಂಪು ಮೀನುಗಳಿದ್ದವು. ಒಂದು ಸೋಮವಾರ ಮೂರೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಅವತ್ತಿನಿಂದ ಮ್ಯಾನೇಜರು ಕೊಲೆಗಾರನನ್ನು ಹುಡುಕುತ್ತಲೇ ಇದ್ದರು.

ಮಧ್ಯಾಹ್ನ ಮನೆಯಲ್ಲಿ ಗಂಡ ಹೆಂಡತಿ ಗುಟ್ಟು ಹುಡುಕಲು ಕೂತರು.

"ಮದುವೆ ದಿನ ನೀವು ತಲೆ ಸುತ್ತಿ ಬಿದ್ದಿದ್ದು?"

"ಅದು ನಂಗೂ ಗೊತ್ತು!" ಕಿಟಕಿಯಾಚೆಯಿಂದ ಎದುರುಮನೆ ಟೀಚರಮ್ಮನ ದನಿ.

"ಕೂದಲಿಗೆ ಬಣ್ಣ ಹಚ್ಕೊಳ್ಳೋದು?"

"ಅದು ಇಡೀ ಬೀದಿಗೇ ಗೊತ್ತು ಕಣಮ್ಮಾ!"

ಪಂಪಣ್ಣ ಕಿಟಕಿ ಜಡಿದು, ನಲ್ಲಿ ತಿರುಗಿಸಿ, ನೀರಿನ ಸದ್ದಿನ ಮರೆಯಲ್ಲಿ ಪಿಸುಗುಟ್ಟಿದ. "ಆ ಶನಿವಾರದ್ದೇ ಬರೀತೀನಿ."

ಹೆಂಡತಿ ಎದೆ ಹಿಡಿದುಕೊಂಡಳು. "ಅಯ್ಯೋ, ಅದಾ!"

"ಯಾರಿಗೂ ಬಾಯಿ ಬಿಡ್ಬೇಡ. ಪೊಲೀಸ್ ಕೇಳಿದ್ರೂ ಹೇಳ್ಬೇಡ. ನಾನೇ ಕೇಳಿದ್ರೂ ಹೇಳ್ಬೇಡ, ಯಾರೋ ಕತ್ತು ಹಿಡ್ಕೊಂಡು ನನ್ನ ಕೈಲಿ ಕೇಳಿಸ್ತಿರಬಹುದು. ಆ ಮೇಡಂ ಒಬ್ಬರಿಗೆ ಮಾತ್ರ."

"ಅದು ಆ ಮೇಡಮ್ಮೇ ಅಂತ ನಂಗೆ ಹೇಗೆ ಗೊತ್ತಾಗತ್ತೆ ರೀ?"

ಹೊತ್ತಾಗಿತ್ತು. ಪಂಪಣ್ಣ ಲಕೋಟೆ ಹಿಡಿದು ಓಡಿದ.

ಐದಕ್ಕೆ ಎಂಟು ನಿಮಿಷವಿತ್ತು. ಮ್ಯಾನೇಜರ ಕೋಣೆಯಲ್ಲಿ, ಮೇಡಂ ಲಕೋಟೆ ಒಡೆದು, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ ಫೋನ್ ಮಾಡಿದರು. "ಆ ಶನಿವಾರ ನಿಮ್ಮ ಯಜಮಾನ್ರು ಏನು ಕಿತ್ತರಮ್ಮಾ?"

"ಯಾರೇ ನೀನು? ನಮ್ಮೆಜಮಾನ್ರನ್ನ ಎಲ್ಲಿ ಇಟ್ಟಿದೀರಾ?"

"ನಾನೇ ಕಣೇ, ಇಲ್ಲೇ ಇದೀನಿ!" ಪಂಪಣ್ಣ ಕೂಗಿದ.

"ದನಿ ನಡುಗ್ತಿದೆಯಲ್ರೀ! ಚಾಕು ಇಟ್ಟಿದಾರಾ? ನಿಜವಾಗ್ಲೂ ನೀವೇ ಆದ್ರೆ ಉತ್ತರ ನೀವೇ ಹೇಳಿ. ಇಲ್ಲಾಂದ್ರೆ ಈಗ್ಲೇ ಪೊಲೀಸ್ ಕರೀತೀನಿ."

"ನಾನು ಕರೆದಾಯ್ತಮ್ಮಾ!" ಫೋನಿನಲ್ಲೇ ಹಿಂದಿನಿಂದ ಟೀಚರಮ್ಮನ ದನಿ.

ಗೋಡೆಯ ಗಡಿಯಾರದ ಮುಳ್ಳು ಒಂದು ಮನೆ ಜಿಗಿಯಿತು. ಪಂಪಣ್ಣನ ತಲೆಯಲ್ಲಿ ಬಾಂಬು, ಚಾಕು, ಪೊಲೀಸು ಎಲ್ಲ ಒಟ್ಟಿಗೆ ಗಿರಕಿ ಹೊಡೆದವು.

"ಮ್ಯಾನೇಜರ ಮೀನಿನ ತೊಟ್ಟಿ ಪ್ಲಗ್ಗು ಕಣೇ! ಫೋನ್ ಚಾರ್ಜಿಗೆ ಹಾಕೋಕೆ ಮೀನಿಗೆ ಗಾಳಿ ಬಿಡೋ ಮೋಟರ್ ಪ್ಲಗ್ ಕಿತ್ತು, ಮತ್ತೆ ಹಾಕೋದು ಮರೆತು ಮನೆಗೆ ಬಂದ್ನಲ್ಲಾ!"

"ಸದ್ಯ, ನೀವೇ!" ಎಂದಳು ಹೆಂಡತಿ.

ಮೇಡಂ ಲಕೋಟೆ ಮಡಚಿದರು. "ಗುಟ್ಟು ಎಲ್ಲರಿಗೂ ಗೊತ್ತಾಯ್ತಲ್ಲ. ಇನ್ನು ಈ ಅರ್ಜಿ ನಡೆಯಲ್ಲ."

ಪಂಪಣ್ಣ ಕುರ್ಚಿಯ ಬೆನ್ನು ಹಿಡಿದುಕೊಂಡ. "ಹಾಗಾದ್ರೆ... ನಾನು ಹೋಗೋ ಹಾಗಿಲ್ಲ, ಅಲ್ವಾ ಸಾರ್? ವಿಮೆ ಇಲ್ದೆ ಬಾಗಿಲಾಚೆಗೂ ಕಳಿಸಲ್ಲ ಅಂದಿದ್ರಿ."

ಮ್ಯಾನೇಜರು ಖಾಲಿ ತೊಟ್ಟಿಯತ್ತ ಒಮ್ಮೆ ನೋಡಿದರು.

"ಹೋಗ್ತಾನೆ ಮೇಡಂ," ಎಂದರು ಮೆಲ್ಲಗೆ. "ವಿಮೆ ಯಾಕೆ, ಸುಮ್ನೆ."

ಆಮೇಲೆ ಮೇಡಂ ಕೈಯಿಂದ ಪೆನ್ನು ತೆಗೆದುಕೊಂಡು, ಪ್ರಯಾಣದ ಹಾಳೆಯನ್ನು ಹತ್ತಿರ ಎಳೆದು, ವಾಪಸು ಬರುವ ತಾರೀಖನ್ನು ನೀಟಾಗಿ ಒಂದೇ ಗೆರೆಯಲ್ಲಿ ಹೊಡೆದುಹಾಕಿದರು.