ವಾಹನ ತರಕೂಡದು

ಹೊಗೆ ತಪಾಸಣೆಗೆ ಬರುವ ಚಾಲಕರು ತಮ್ಮ ವಾಹನವನ್ನು ಮನೆಯಲ್ಲಿಯೇ ಬಿಟ್ಟು ಬರತಕ್ಕದ್ದು. ಇದು ಪರ್ಕಳದ ನಮ್ಮ ತಪಾಸಣಾ ಕೇಂದ್ರದ ಮೊದಲನೆಯ ನಿಯಮ. ನಂಬರ್ ಪ್ಲೇಟಿನ ಫೋಟೋ ವಾಟ್ಸಾಪ್ ಮಾಡಿದರೆ ಸಾಕು, ನೀವು ಚಾ ಕುಡಿದು ಮುಗಿಸುವುದರೊಳಗೆ ಪಾಸಾದ ಪ್ರಮಾಣಪತ್ರ ಬರ್ತದೆ. ಫೋಟೋದಲ್ಲಿ ಹೊಗೆ ಬರುವ ಕ್ರಮ ಇಲ್ಲವಾದ್ದರಿಂದ ಇಲ್ಲಿಯವರೆಗೆ ಯಾವ ವಾಹನವೂ ಫೇಲಾದದ್ದಿಲ್ಲ. ಎಲ್ಲೂರಿನಿಂದ ಪೆರ್ಡೂರಿನವರೆಗೆ ನಮಗೆ ಒಳ್ಳೆಯ ಹೆಸರುಂಟು.

ತಪಾಸಣೆಯ ಯಂತ್ರ ಇಲ್ಲವೆಂದಲ್ಲ. ಬಟ್ಟೆ ಹೊದಿಸಿ ಇಟ್ಟಿದ್ದೇವೆ. ಆಯುಧಪೂಜೆಯ ದಿನ ಹೊರಗೆ ತಂದು, ಕುಂಕುಮ ಹಚ್ಚಿ, ಮಾಲೆ ಹಾಕಿ, ಕುಂಬಳಕಾಯಿ ಒಡೆದು ಪುನಃ ಒಳಗೆ ಇಡುತ್ತೇವೆ. ಅದರ ಪೈಪಿನಿಂದ ದಾಸವಾಳ ಗಿಡಕ್ಕೆ ನೀರು ಬಿಡುವುದು ಕೇಂದ್ರದ ಆಪರೇಟರ್ ಆದ ನನ್ನ ಕೆಲಸ.

ಇಂಥ ಸಂಸ್ಥೆಗೆ ಕಳೆದ ತಿಂಗಳು ಒಂದು ಶನಿವಾರ ಸುಲೈಮಾನ್ ಎಂಬವರು ವಾಹನ ಸಮೇತ ಹಾಜರಾದರು. ಸೌದಿಯ ದಮ್ಮಾಮಿನಲ್ಲಿ ಡ್ರೈವರ್ ಆಗಿದ್ದು ಊರಿಗೆ ಬಂದವರು, ಈಗ ಮಣಿಪಾಲದ ಶಾಲೆಗೆ ಮಕ್ಕಳನ್ನು ವ್ಯಾನಿನಲ್ಲಿ ಬಿಡುತ್ತಾರೆ. ನನಗೆ ಸಿಟ್ಟೇ ಬಂತು.

"ಸಾಯ್ಬರೇ, ಫೋಟೋ ಸಾಕಿತ್ತಲ್ಲ. ಇಡೀ ಗಾಡಿ ಯಾಕೆ ತಂದದ್ದು?"

"ಹಿಂದಿನ ಸೀಟಿನಲ್ಲಿ ಮೋಕ್ಷಾ ಅಂತ ಒಂದು ಮಗು ಕೂರ್ತದೆ. ಶಾಲೆ ಮುಟ್ಟುವವರೆಗೂ ಕೆಮ್ಮುತ್ತದೆ, ಪಾಪ. ನನ್ನ ಗಾಡಿಯ ಹೊಗೆಯಿಂದಲಾ ಅಂತ ಗೊತ್ತಾಗಬೇಕು. ಸೋಮವಾರ ಅವಳನ್ನು ಪುನಃ ಕೂರಿಸಬೇಕಲ್ಲ."

"ಗೊತ್ತು ಮಾಡಿಕೊಳ್ಳುವುದು ನಮ್ಮ ಸೇವೆಯಲ್ಲಿ ಸೇರಿಲ್ಲ."

"ದಮ್ಮಾಮಿನಲ್ಲಿ ಗಾಡಿ ಕೊಂಡುಹೋಗದೆ ಆಗುವುದೇ ಇಲ್ಲ."

"ಅಲ್ಲಿ ಮರುಭೂಮಿ ಮಾರಾಯ್ರೆ, ಜಾಗ ಬೇಕಾದಷ್ಟು ಉಂಟು. ಇಲ್ಲಿ ಎಲ್ಲರೂ ಗಾಡಿ ತಂದರೆ ಪರ್ಕಳದ ರಸ್ತೆಯ ಗತಿ ಎಂತ?"

ಅವರು ಕದಲಲಿಲ್ಲ. ನಾನು ರೂಢಿಯಂತೆ ನಂಬರ್ ಪ್ಲೇಟಿನ ಫೋಟೋ ತೆಗೆದು ಮೊದಲು ಪ್ರಮಾಣಪತ್ರ ಮುದ್ರಿಸಿ ಕೊಟ್ಟೆ. ಆಮೇಲೆ, ಗಿರಾಕಿಯ ಸಮಾಧಾನಕ್ಕಾಗಿ, ಯಂತ್ರದ ಬಟ್ಟೆ ತೆಗೆದು ಪೈಪನ್ನು ಸೈಲೆನ್ಸರಿಗೆ ತೂರಿಸಿದೆ. ಯಂತ್ರ ಕಿರುಚಿತು. ಕೆಂಪು ದೀಪ ಹತ್ತಿತು. ಅದರಲ್ಲಿ ಕೆಂಪು ದೀಪ ಇರುವುದು ನನಗೆ ಅಂದೇ ಗೊತ್ತಾದದ್ದು.

ಕೇಂದ್ರದ ಮಾಲಕರಾದ ಲಿಯೋನೆಲ್ ಪೊರ್ಬುಗಳನ್ನು ಕರೆಸಿದೆ. ಅವರು ಪ್ರಮಾಣಪತ್ರವನ್ನೂ ಯಂತ್ರವನ್ನೂ ಬಹಳ ಹೊತ್ತು ನೋಡಿ ತೀರ್ಪು ಕೊಟ್ಟರು. ಮೊದಲು ಹೇಳಿದ್ದು ಪತ್ರ, ಆದ್ದರಿಂದ ಎದುರು ಮಾತಾಡಿದ್ದು ಯಂತ್ರ. ಅಶಿಸ್ತಿನ ಕಾರಣಕ್ಕೆ ಯಂತ್ರವನ್ನು ಅಂದೇ ಅಮಾನತಿನಲ್ಲಿ ಇಡಲಾಯಿತು.

ಸುಲೈಮಾನ್ ಸೀದಾ ಕಾಪುವಿನ ದೇವದಾಸನ ಗ್ಯಾರೇಜಿಗೆ ಹೋದರು. ಬಾನೆಟ್ ಎತ್ತುವ ಮೊದಲು ದೇವದಾಸ ಕೇಳಿದ್ದು ಹೊಗೆಯ ಪತ್ರ. ನೋಡಿ ಕೈ ಒರೆಸಿಕೊಂಡ. "ಪಾಸಾದ ಗಾಡಿ ನಾನು ಬಿಚ್ಚುವುದಿಲ್ಲ ಸಾಯ್ಬರೇ. ನಾಳೆ ಎಂತಾದರೂ ಆದರೆ ನಾನೇ ಹಾಳು ಮಾಡಿದ್ದು ಅಂತಾಗ್ತದೆ. ಫೇಲಾದ ಪತ್ರ ತನ್ನಿ, ಒಂದು ಗಂಟೆಯ ಕೆಲಸ."

ಸಂಜೆ ಅವರು ಪುನಃ ನಮ್ಮಲ್ಲಿ. ಈ ಸಲ ಜೊತೆಯಲ್ಲಿ ಮೋಕ್ಷಾಳ ತಾಯಿ ವಿನೋದಾ.

"ಒಂದು ಫೇಲ್ ಮಾಡಿ ಕೊಡಿ," ಎಂದು ಸುಲೈಮಾನ್ ಕೈ ಮುಗಿದರು. ಆ ಮನುಷ್ಯನ ಮುಖ ನೋಡಿ ನನಗೆ ಬೇಜಾರಾಯಿತು. ಆದರೆ ನಮ್ಮ ಕಂಪ್ಯೂಟರಿನಲ್ಲಿ ಫೇಲ್ ಎಂಬುದನ್ನು ಹಾಕಿಸಿಯೇ ಇಲ್ಲ.

"ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಅಂತಾರೆ ಪೊರ್ಬುಗಳೇ. ಮಗು ಸುಮ್ಮನೆ ಕೆಮ್ಮುತ್ತದಾ?" ಎಂದು ಸುಲೈಮಾನ್ ಒಳಗೆ ಕೂತಿದ್ದ ಮಾಲಕರನ್ನು ಕೇಳಿದರು.

"ಅದು ಗಾದೆ. ನಾವು ಗಾದೆಗೆ ಸೀಲ್ ಹೊಡೆಯುವುದಿಲ್ಲ," ಎಂದರು ಲಿಯೋನೆಲ್.

ವಿನೋದಾ ನಡುವೆ ಬಂದರು. "ನಂಗೆ ಗಾಡಿಯ ವಿಷಯ ಬೇಡ. ಕೆಮ್ಮುವ ಮಗುವನ್ನು ಶಾಲೆಯವರು ಮನೆಗೆ ಕಳಿಸ್ತಾರೆ. ನಂಗೆ ಆಫೀಸಿನಲ್ಲಿ ರಜೆ ಉಳಿದಿಲ್ಲ. ಎಂತಾದರೂ ಒಂದು ಕಾಗದ ಕೊಡಿ."

ಲಿಯೋನೆಲ್ ಯೋಚಿಸಿದರು. ಗಾಡಿ ಪಾಸಾಗಿದೆ. ಹಾಗಾದರೆ ಪರೀಕ್ಷೆ ಆಗಬೇಕಾದದ್ದು ಮಗುವಿನದ್ದು.

"ಮಗುವನ್ನು ಕರಕೊಂಡು ಬರುವುದಾ?" ಎಂದರು ವಿನೋದಾ.

"ಛೆ ಛೆ, ತರಕೂಡದು. ಫೋಟೋ ಕಳಿಸಿ."

ಯೂನಿಫಾರಂ ಹಾಕಿದ ಫೋಟೋ ಬಂತು. ಇಂಧನದ ಜಾಗದಲ್ಲಿ 'ಗಂಜಿ' ಎಂದು ಬರೆದೆ. ಮಗು ಪಾಸಾಯಿತು, ಆರು ತಿಂಗಳ ಅವಧಿಗೆ.

ಸೋಮವಾರ ಶಾಲೆಯವರು ಪತ್ರ ಓದಿ, ಸೀಲ್ ನೋಡಿ, ಮೋಕ್ಷಾಳನ್ನು ತರಗತಿಗೆ ಬಿಟ್ಟರು. ಉಳಿದ ಪೋಷಕರೂ ತಂತಮ್ಮ ಮಕ್ಕಳ ಫೋಟೋ ಕಳಿಸತೊಡಗಿದ್ದಾರೆ. ವಿನೋದಾ ನಮಗೆ ಒಂದು ಡಬ್ಬಿ ತುಂಬ ಹಲಸಿನೆಲೆಯ ಕೊಟ್ಟೆಕಡುಬು ಕಳಿಸಿದರು. ಸುಲೈಮಾನ್ ಮಾತ್ರ ಕೆಲವು ದಿನ ಕಿಟಕಿಗಳನ್ನೆಲ್ಲ ತೆರೆದಿಟ್ಟು ಗಾಡಿ ಓಡಿಸಿದರು. ಆಮೇಲೆ ಮಕ್ಕಳಿಗೆ ಗಾಳಿ ಹೊಡೆಯುತ್ತದೆ ಎಂದು ಪೋಷಕರು ಆಕ್ಷೇಪಿಸಿದ್ದರಿಂದ ಮುಚ್ಚಿದರು.

ಮೋಕ್ಷಾ ಈಗಲೂ ಹಿಂದಿನ ಸೀಟಿನಲ್ಲಿಯೇ ಕೂರುತ್ತಾಳೆ. ಕೆಮ್ಮುತ್ತಾಳೆ, ಆದರೆ ಮಿತಿಯೊಳಗೆ.